ಅಪ್ಪನನ್ನು ಮಣ್ಣು ಮಾಡಿದ ಖರ್ಚು

ಗುಂಡಿಗೆ ನೀರು ಒಸರುತ್ತಲೇ ಇತ್ತು. 2018ರ ಆಗಸ್ಟ್. ಆ ವರ್ಷ ಮಳೆ ಹೇಗೆ ಹಿಡಿದಿತ್ತು ಅಂತ ಹಾಸನದ ಕಡೆಯವರಿಗೆ ಹೇಳಬೇಕಾಗಿಲ್ಲ. ಗೊರೂರು ಅಣೆಕಟ್ಟು ಜುಲೈನಲ್ಲೇ ತುಂಬಿತ್ತು. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಗಿತ್ತು. ನಮ್ಮ ಹೊಲದ ಬದುವಿನ ಪಕ್ಕ ನಾಲ್ಕು ಜನ ಗುಂಡಿ ತೋಡುತ್ತಿದ್ದರು. ಮೂರಡಿ ಇಳಿಯುವಷ್ಟರಲ್ಲಿ ಜೌಗು ಶುರುವಾಯ್ತು. ಯಾರೋ ಓಡಿಹೋಗಿ ಅಪ್ಪನ ಗಾರೆ ಬಾಂಡ್ಲಿ ತಂದರು. ಅದರ ಅಂಚಿಗೆ ಸಿಮೆಂಟು ಇನ್ನೂ ಅಂಟಿಕೊಂಡಿತ್ತು. ಅದರಲ್ಲೇ ನೀರು ಮೊಗೆದು ಮೊಗೆದು ಆಚೆ ಚೆಲ್ಲಿದರು. ಅಪ್ಪ ಇಪ್ಪತ್ತು ವರ್ಷ ಕಲಸಿದ ಬಾಂಡ್ಲಿ ಅದು.

ಅಪ್ಪನಿಗೆ 54 ವರ್ಷ. ಗಾರೆ ಕೆಲಸ. ಹಾಸನ, ಬೇಲೂರು, ಸಕಲೇಶಪುರದ ಕಡೆ ಎಲ್ಲಿ ಕೆಲಸ ಇದ್ದರೂ ಹೋಗುತ್ತಿದ್ದರು. ತೋಟಗಳಲ್ಲಿ ಲೈನ್ ಮನೆಗಳನ್ನೂ ಕಟ್ಟಿದ್ದಾರೆ. ಒಂದು ದಿನ ಬೆಳಗಿನ ಜಾವ ಎದೆ ಉರಿ ಅಂದರು. ನೀರು ತರುವಷ್ಟರಲ್ಲಿ ಮುಗಿದಿತ್ತು. ಅದನ್ನು ಇಲ್ಲಿ ಜಾಸ್ತಿ ಬರೆಯಲು ನನ್ನಿಂದ ಆಗಲ್ಲ. ನಾನು ಬರೆಯಬೇಕು ಅಂದುಕೊಂಡಿದ್ದು ಆಮೇಲಿನ ಹತ್ತು ತಿಂಗಳ ಬಗ್ಗೆ. ನಮ್ಮಂಥ ಮನೆಯವರಿಗೆ ಯಾರಾದರೂ ಮೊದಲೇ ಇದನ್ನು ಹೇಳಿದ್ದರೆ ಎಷ್ಟೋ ಸುಲಭ ಆಗುತ್ತಿತ್ತು.

ನಾನು ಹಾಸನದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತೇನೆ. ತಮ್ಮ ಆಗ ಎರಡನೇ ಪಿಯುಸಿ ಓದುತ್ತಿದ್ದ. ಅವ್ವನಿಗೆ ಸಹಿ ಹಾಕಲು ಬರುತ್ತದೆ, ಅಷ್ಟೇ. ಸಾವಿನ ಮನೆಯಲ್ಲಿ ಲೆಕ್ಕ ಇಡಬಾರದು ಅಂತಾರೆ. ಆದರೆ ಸಾಲ ತಂದವರು ಲೆಕ್ಕ ಇಡದೆ ಆಗುತ್ತಾ? ತಮ್ಮನ ರಫ್ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟೆ. ಬಟ್ಟೆ, ಹೂವು, ಕರ್ಪೂರ, ಊದುಬತ್ತಿ 1,100. ತಮಟೆಯವರಿಗೆ 2,000. ಗುಂಡಿ ತೆಗೆದವರಿಗೆ 3,500, ನೀರು ಬಂದಿದ್ದಕ್ಕೆ ಸ್ವಲ್ಪ ಜಾಸ್ತಿ. ದೂರದಿಂದ ಬಂದವರ ಊಟ, ಕಾಫಿಗೆ 3,000. ಚಟ್ಟಕ್ಕೆ ಬಿದಿರು ಕೊಟ್ಟವರು ದುಡ್ಡು ಮುಟ್ಟಲಿಲ್ಲ. ಮೂರನೇ ದಿನ ಹಾಲು ತುಪ್ಪಕ್ಕೆ 2,400. ಹನ್ನೊಂದನೇ ದಿನದ ತಿಥಿಗೆ ಶಾಮಿಯಾನ, ಪಾತ್ರೆ ಬಾಡಿಗೆ, ಅಕ್ಕಿ, ಬೇಳೆ, ಅಡುಗೆಯವರು ಎಲ್ಲ ಸೇರಿ 26,000. ಒಟ್ಟು 38,000 ರೂಪಾಯಿ. ಮುಯ್ಯಿ ಬಂದಿದ್ದು 7,000. ಅವ್ವನ ಮಹಿಳಾ ಸಂಘದಿಂದ 11,000 ಎತ್ತಿದೆವು. ಉಳಿದ 20,000 ಕೈಸಾಲ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ ಆರುನೂರು ಬಡ್ಡಿಗೇ ಹೋಗಬೇಕು. ಆಗ ನನ್ನ ಎರಡು ದಿನದ ಕೂಲಿ ಅದು.

ತಿಥಿ ಸಣ್ಣದಾಗಿ ಮಾಡಬಹುದಿತ್ತು ಅಂತ ಓದುವವರಿಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಅಪ್ಪ ಊರಿನ ಎಲ್ಲರ ಮನೆಯ ತಿಥಿಗೂ ಹೋಗಿ ಒಲೆ ಹೂಡಿಕೊಟ್ಟವರು. ಅವರ ತಿಥಿಗೆ ಜನರನ್ನು ಕರೆಯಬೇಡಿ ಅಂತ ಅವ್ವನಿಗೆ ಹೇಳುವ ಬಾಯಿ ನನಗಿರಲಿಲ್ಲ.

ತಿಥಿ ದಿನ ಊಟ ಮುಗಿದ ಮೇಲೆ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಮೇಸ್ತ್ರಿ ಮಾವ ನನ್ನನ್ನು ಹಿತ್ತಿಲ ಕಡೆ ಕರೆದರು. ಸಂಬಂಧದಲ್ಲಿ ಮಾವ ಅಲ್ಲ, ಚಿಕ್ಕಂದಿನಿಂದ ಹಾಗೇ ಕರೆಯೋದು.

"ನಿಮ್ಮಪ್ಪಂದು ಲೇಬರ್ ಕಾರ್ಡು ಎಲ್ಲಿ ಮಡಗವ್ನೆ ನೋಡವ್ವ. ಅದ್ರಲ್ಲಿ ಮಣ್ಣಿನ ಖರ್ಚು ಅಂತ ಕೊಡ್ತಾರೆ. ತಾಲೂಕು ಕಚೇರಿಯಿಂದ್ಲೂ ಬತ್ತದೆ. ಸುಮ್ನೆ ಬಿಡಬೇಡ" ಅಂದರು.

ಆ ರಾತ್ರಿ ಅಟ್ಟದ ಮೇಲಿದ್ದ ಟ್ರಂಕು ಇಳಿಸಿದೆವು. ಕೆಂಪು ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲ ಇತ್ತು. ಆಧಾರ್, ರೇಷನ್ ಕಾರ್ಡು, ವೋಟರ್ ಐಡಿ, ಒಂದು ಹಳೇ ವಿದ್ಯುತ್ ಬಿಲ್ಲು, ಅದರ ಕೆಳಗೆ ಕಟ್ಟಡ ಕಾರ್ಮಿಕರ ಮಂಡಳಿಯ ಗುರುತಿನ ಚೀಟಿ, ಅದೇ ಲೇಬರ್ ಕಾರ್ಡು. ಅವಧಿ ಮುಗಿದಿರಲಿಲ್ಲ. ನಾಮಿನಿ ಜಾಗದಲ್ಲಿ ಅವ್ವನ ಹೆಸರು. ಅಪ್ಪ ಇದನ್ನು ಯಾವಾಗ ಮಾಡಿಸಿದ್ದರು, ಯಾವಾಗ ಹೋಗಿ ನವೀಕರಿಸಿ ಬಂದಿದ್ದರು, ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವ್ವ ಆ ಚೀಟಿಯ ಫೋಟೋ ಮೇಲೆ ಬೆರಳು ಇಟ್ಟುಕೊಂಡು ತುಂಬಾ ಹೊತ್ತು ಕೂತಿದ್ದಳು.

ಎಲ್ಲಕ್ಕಿಂತ ಮೊದಲು ಬೇಕಾದದ್ದು ಮರಣ ಪ್ರಮಾಣಪತ್ರ. ಅದಿಲ್ಲದೆ ಯಾವ ಕಚೇರಿಯಲ್ಲೂ ಅರ್ಜಿ ಮುಟ್ಟಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಸಾವು ಆದ 21 ದಿನದೊಳಗೆ ತಿಳಿಸಬೇಕು. ಅದು ದಾಟಿ 30 ದಿನದವರೆಗೆ ಆದರೆ ದಂಡ ಕಟ್ಟಿ ಆಗುತ್ತದೆ. ತಿಂಗಳು ಮೀರಿದರೆ ಆಗ ಅಫಿಡವಿಟ್ಟು, ಮೇಲಿನವರ ಅನುಮತಿ ಬೇಕಿತ್ತು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ನಮ್ಮ ಮನೆಯಲ್ಲಿ ದೊಡ್ಡವರು ಸೂತಕ ಕಳೆಯೋವರೆಗೂ ಹೊಸ್ತಿಲು ದಾಟಿ ಕಚೇರಿಗೆ ಹೋಗಬೇಡಿ ಅಂದಿದ್ದರು. ನಾವೂ ಸುಮ್ಮನಿದ್ದೆವು. ಈಗ ಯೋಚಿಸಿದರೆ, ಸಾವು ಬರೆಸಲು ಹೆಂಡತಿಯೇ ಹೋಗಬೇಕು ಅಂತೇನಿಲ್ಲ, ಮನೆಯ ಬೇರೆ ದೊಡ್ಡವರು ಯಾರಾದರೂ ಹೋಗಬಹುದು. ಸೂತಕದ ಮನೆಯಲ್ಲಿ ಹನ್ನೊಂದು ದಿನ ಹೇಗೆ ಹೋಗುತ್ತದೆ ಅಂತಲೇ ತಿಳಿಯಲ್ಲ. ಇಪ್ಪತ್ತೊಂದರಲ್ಲಿ ಅರ್ಧ ಅಲ್ಲೇ ಕಳೆದುಹೋಗುತ್ತದೆ.

ಹದಿಮೂರನೇ ದಿನ ನಾನೇ ಗ್ರಾಮ ಲೆಕ್ಕಿಗರ ಹತ್ತಿರ ಹೋದೆ. ಆಗ ಹಳ್ಳಿಗಳಲ್ಲಿ ಮನೆಯಲ್ಲಿ ಆದ ಸಾವನ್ನು ಬರೆದುಕೊಳ್ಳುತ್ತಿದ್ದವರು ಅವರೇ. ವಯಸ್ಸಾದವರು. ಫಾರಂ ತೆಗೆದು ಪೆನ್ನು ಹಿಡಿದವರು ಬರೆಯದೆ ನನ್ನ ಮುಖ ನೋಡಿದರು.

"ಹೆಸರು ಯಾವ ಥರ ಬರೀಲಮ್ಮ? ಆಧಾರ್ ತಂದಿದ್ದೀಯಾ? ಬಾಯಲ್ಲಿ ಹೇಳಬೇಡ, ಕಾರ್ಡು ಕೊಡು."

ಆ ಒಂದು ಪ್ರಶ್ನೆಗೆ ನಾನು ಅವರಿಗೆ ಈಗಲೂ ಋಣಿ. ಯಾಕೆಂದರೆ ಅಪ್ಪನ ಹೆಸರು ಒಂದೊಂದು ಕಡೆ ಒಂದೊಂದು ಥರ ಇತ್ತು. ಆಧಾರ್‌ನಲ್ಲಿ ಕೊನೆಗೆ 'ಪ್ಪ', ರೇಷನ್ ಕಾರ್ಡು, ಲೇಬರ್ ಕಾರ್ಡಿನಲ್ಲಿ 'ಯ್ಯ'. ಊರಿನಲ್ಲಿ ಎರಡೂ ಬಿಟ್ಟು ಬೇರೇನೇ ಕೂಗುತ್ತಿದ್ದರು. ಅವರು ಆಧಾರ್‌ನಲ್ಲಿ ಇದ್ದ ಹಾಗೇ ಬರೆದರು. "ಉಳಿದಿದ್ದಕ್ಕೆ ಅಫಿಡವಿಟ್ಟು ಮಾಡಿಸ್ಕೊ, ಅದು ಸುಲಭ. ಮರಣಪತ್ರದಲ್ಲಿ ತಪ್ಪಾದ್ರೆ ತಿದ್ದಿಸೋದು ಕಷ್ಟ" ಅಂದರು. ಮೊದಲ ಪ್ರತಿಗೆ ದುಡ್ಡಿಲ್ಲ. ನಾನು ಆ ಒಂದನ್ನೇ ತಂದುಬಿಟ್ಟೆ. ಆಮೇಲೆ ಬ್ಯಾಂಕಿಗೊಂದು, ಕಾರ್ಮಿಕ ಇಲಾಖೆಗೊಂದು, ತಾಲೂಕಿಗೊಂದು ಅಂತ ಮತ್ತೆ ಓಡಾಡಬೇಕಾಯ್ತು. ನೀವು ಹೋದರೆ ಫೀಸು ಕಟ್ಟಿ ನಾಲ್ಕೈದು ಪ್ರತಿ ಒಟ್ಟಿಗೇ ತೆಗೆದುಕೊಳ್ಳಿ.

ಮುಂದಿನ ವಾರ ಹಾಸನದಲ್ಲಿ ನೋಟರಿ ಹತ್ತಿರ 20 ರೂಪಾಯಿ ಛಾಪಾ ಕಾಗದದ ಮೇಲೆ ಅಫಿಡವಿಟ್ಟು ಆಯ್ತು. ಈ ಹೆಸರಿನವರೂ ಆ ಹೆಸರಿನವರೂ ಒಬ್ಬರೇ, ಅವರು ನನ್ನ ಗಂಡ ಅಂತ ಅವ್ವ ಸಹಿ ಮಾಡಿದಳು. ಬರೆದಿದ್ದನ್ನು ಓದಿ ಹೇಳಿದಾಗ ಅವ್ವ ಕೇಳಿದ್ದು ಒಂದೇ: "ಮೂವತ್ತು ವರ್ಷ ಸಂಸಾರ ಮಾಡಿದೀನಿ, ಇದನ್ನೂ ಬರ್ಕೊಡ್ಬೇಕಾ?" ನೋಟರಿಯವರ ಗುಮಾಸ್ತರು ಏನೂ ಹೇಳದೆ ಅವ್ವನಿಗೆ ಕುರ್ಚಿ ಎಳೆದುಕೊಟ್ಟರು.

ಹೋಬಳಿಯ ನಾಡಕಚೇರಿಯಲ್ಲಿ ಎರಡು ಅರ್ಜಿ ಹಾಕಿದೆವು. ಎರಡೂ ಬೇರೆ ಬೇರೆ ಯೋಜನೆ. ಜನ ಒಂದೇ ಅಂದುಕೊಂಡು ಒಂದನ್ನು ಬಿಟ್ಟುಬಿಡುತ್ತಾರೆ, ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಒಂದು, ರಾಜ್ಯ ಸರ್ಕಾರದ ಅಂತ್ಯಸಂಸ್ಕಾರ ಸಹಾಯನಿಧಿ. ಬಿಪಿಎಲ್ ಕಾರ್ಡಿನ ಮನೆಯಲ್ಲಿ ಯಾರೇ ತೀರಿಕೊಂಡರೂ ಅಂತ್ಯಕ್ರಿಯೆಗೆ ಅಂತ ಆಗ ಕೊಡುತ್ತಿದ್ದ ಹಣ. ಮೊದಲು 1,000 ಇತ್ತು, ನಾವು ಹಾಕುವಾಗ 5,000 ಆಗಿತ್ತು. ಇನ್ನೊಂದು ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆ. ಇದು ಕೇಂದ್ರದ್ದು, 1995ರ ಆಗಸ್ಟ್ 15ರಿಂದ ಇದೆ. ಮನೆ ನಡೆಸುತ್ತಿದ್ದವರು 18ರಿಂದ 59 ವರ್ಷದೊಳಗೆ ತೀರಿಕೊಂಡರೆ ಬಿಪಿಎಲ್ ಕುಟುಂಬಕ್ಕೆ ಒಂದೇ ಸಲ 20,000 ರೂಪಾಯಿ. 2012ಕ್ಕೆ ಮೊದಲು ಇದು 10,000 ಇತ್ತು. ಸಾವು ಕಾಯಿಲೆಯಿಂದಲೋ ಅಪಘಾತದಿಂದಲೋ ಅಂತ ಇದರಲ್ಲಿ ಭೇದ ಇಲ್ಲ. ವಯಸ್ಸು ಮಾತ್ರ ಮುಖ್ಯ. ಮನೆಯಲ್ಲಿ ದುಡಿಯುತ್ತಿದ್ದವರ ವಯಸ್ಸು ವೋಟರ್ ಐಡಿಯಲ್ಲಿ ಸುಮ್ಮನೆ ಐದಾರು ವರ್ಷ ಜಾಸ್ತಿ ಬಿದ್ದಿದ್ದರೆ ಈಗಲೇ ಸರಿ ಮಾಡಿಸಿಕೊಳ್ಳಿ.

ಜೊತೆಗೆ ಅವ್ವನ ವಿಧವಾ ವೇತನಕ್ಕೂ ಬರೆದೆವು. ಆ ಪದವನ್ನು ಅವ್ವನ ಎದುರು ಗಟ್ಟಿಯಾಗಿ ಓದಲು ನನಗೆ ಆಗಲಿಲ್ಲ. ಫಾರಂ ಮಡಚಿ ಅವಳ ಮುಂದಿಟ್ಟು ಸಹಿ ಜಾಗ ತೋರಿಸಿದೆ.

ಕೌಂಟರಿನಲ್ಲಿ ಕೊಟ್ಟ ಸ್ವೀಕೃತಿ ಚೀಟಿಯನ್ನು ಯಾವುದೇ ಕಾರಣಕ್ಕೂ ಕಳೆಯಬೇಡಿ. ಅದರಲ್ಲಿರುವ ಅರ್ಜಿ ಸಂಖ್ಯೆ ಇದ್ದರೆ ಮಾತ್ರ ಮುಂದೆ ಯಾರಾದರೂ ಉತ್ತರ ಕೊಡುತ್ತಾರೆ. ಅದರ ಫೋಟೋ ತೆಗೆದು ತಮ್ಮನ ಮೊಬೈಲಿನಲ್ಲೂ ಇಟ್ಟಿದ್ದೆ. ಆ ಮಳೆಯಲ್ಲಿ ಚೀಟಿ ಒದ್ದೆಯಾಗಿ ಅಕ್ಷರ ಹೋದಾಗ ಅದೇ ಕಾಪಾಡಿತು.

ಕಚೇರಿಯ ಹೊರಗೆ, ಜೆರಾಕ್ಸ್ ಅಂಗಡಿ ಹತ್ತಿರ ಒಬ್ಬರು ಸಿಕ್ಕಿದ್ದರು. ಎಲ್ಲವನ್ನೂ ನಾನು ಮಾಡಿಸಿಕೊಡುತ್ತೇನೆ, ಬಂದ ದುಡ್ಡಿನಲ್ಲಿ ಕಾಲು ಭಾಗ ಕೊಡಿ ಅಂದರು. ಅವ್ವ ಒಪ್ಪುವ ಹಾಗಿದ್ದಳು. ಅವಳದ್ದು ತಪ್ಪಲ್ಲ. ನಾನು ಒಂದು ದಿನ ಕೆಲಸ ಬಿಟ್ಟರೆ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ, ಅದಕ್ಕಿಂತ ಇವರಿಗೇ ಕೊಡೋದು ವಾಸಿ ಅನ್ನುವುದು ಅವಳ ಲೆಕ್ಕ. ನಾನು ಒಪ್ಪಲಿಲ್ಲ. ಅಪ್ಪನ ಸಾವಿನ ದುಡ್ಡಿನಲ್ಲಿ ಪಾಲು ಕೇಳುವವರ ಕೈಗೆ ಅಪ್ಪನ ಕಾರ್ಡು ಕೊಡಲು ನನಗೆ ಮನಸ್ಸು ಬರಲಿಲ್ಲ. ಈ ಅರ್ಜಿಗಳಿಗೆ ಮಧ್ಯದವರು ಬೇಕಾಗಿಲ್ಲ. ಬೇಕಾದದ್ದು ಸ್ವಲ್ಪ ಓದು ಬರಹ ಬಲ್ಲ ಒಬ್ಬರು, ಮತ್ತು ನಾಲ್ಕೈದು ದಿನದ ರಜೆ. ಆ ರಜೆಯೇ ನಮಗೆ ದುಬಾರಿ, ಅದನ್ನು ಇಲ್ಲ ಅನ್ನಲ್ಲ. ಎಲ್ಲ ಮುಗಿಯುವಷ್ಟರಲ್ಲಿ ನನ್ನ ಒಂಬತ್ತು ದಿನದ ಕೂಲಿ ಹೋಗಿತ್ತು.

ಗಾರ್ಮೆಂಟ್ಸ್‌ನಲ್ಲಿ ಜೊತೆಯವರು ಇನ್ನೊಂದು ಹೇಳಿದರು. ನಿನಗೆ ಇಎಸ್‌ಐ, ಅಂದರೆ ಕೆಲಸಗಾರರ ವಿಮೆ, ಇದೆಯಲ್ಲಾ, ಅದರಲ್ಲೂ ಅಂತ್ಯಕ್ರಿಯೆಗೆ ಕೊಡುತ್ತಾರೆ ಅಂತ. ಕೊಡೋದು ನಿಜ. ಆಗ 10,000 ಇತ್ತು, 2019ರಲ್ಲಿ 15,000 ಆಯ್ತು. ಆದರೆ ಅದು ವಿಮೆ ಇರುವ ಕೆಲಸಗಾರರೇ ತೀರಿಕೊಂಡರೆ ಮಾತ್ರ. ಅವರ ತಂದೆ ತಾಯಿ ತೀರಿಕೊಂಡರೆ ಇಲ್ಲ. ಅದಕ್ಕೆ ಅರ್ಧ ದಿನ ಓಡಾಡಿದ ಮೇಲೆ ಇದು ನನಗೆ ಗೊತ್ತಾಗಿದ್ದು. ನಿಮ್ಮ ಮನೆಯಲ್ಲಿ ಇಎಸ್‌ಐ ಕಾರ್ಡು ಯಾರ ಹೆಸರಿನಲ್ಲಿದೆ ಅಂತ ಮೊದಲು ನೋಡಿ.

ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋದ ದಿನ ಮೇಸ್ತ್ರಿ ಮಾವನೂ ಜೊತೆಗೆ ಬಂದರು. ಅಲ್ಲಿನ ಫಾರಂ ಜಾಸ್ತಿ ಕಷ್ಟ ಇರಲಿಲ್ಲ. ಅಪ್ಪನ ಗುರುತಿನ ಚೀಟಿ, ಮರಣ ಪ್ರಮಾಣಪತ್ರ, ಅವ್ವನ ಆಧಾರ್, ಪಾಸ್‌ಬುಕ್ಕು, ಫೋಟೋ, ಹೆಸರಿನ ಅಫಿಡವಿಟ್ಟು. ಅಂತ್ಯಕ್ರಿಯೆ ವೆಚ್ಚ 4,000, ಅನುಗ್ರಹ ರಾಶಿ ಅಂತ ಮನೆಯವರಿಗೆ 50,000, ಒಟ್ಟು 54,000 ಅಂದರು. ನನಗೆ ಕಿವಿ ಸರಿ ಕೇಳಿಸಿತಾ ಅನ್ನಿಸಿ ಮತ್ತೆ ಕೇಳಿದೆ. ಕೆಲಸದ ಜಾಗದಲ್ಲಿ ಅಪಘಾತ ಆಗಿ ತೀರಿಕೊಂಡಿದ್ದರೆ ಅದರ ಲೆಕ್ಕವೇ ಬೇರೆ, ಆಗ 5 ಲಕ್ಷ ಇತ್ತು.

"ಇಷ್ಟೊಂದು ದುಡ್ಡು ಸರ್ಕಾರ ಸುಮ್ನೆ ಯಾಕೆ ಕೊಡ್ತದೆ ಸಾರ್?" ಅಂತ ಅವ್ವ ಕೇಳಿಬಿಟ್ಟಳು. ಅವಳಿಗೆ ನಿಜವಾಗಲೂ ಭಯ ಆಗಿತ್ತು, ಮುಂದೆ ವಾಪಸ್ ಕೇಳಿದರೆ ಅಂತ.

ಅಲ್ಲಿದ್ದ ಸಿಬ್ಬಂದಿ ಪೆನ್ನು ಕೆಳಗಿಟ್ಟು ಹೇಳಿದರು. "ಸುಮ್ನೆ ಕೊಡಲ್ಲ ಕಣಮ್ಮ. ದೊಡ್ಡ ಕಟ್ಟಡ ಕಟ್ಟಿಸೋರ ಹತ್ರ ಖರ್ಚಿನಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ ಅಂತ ಹಿಡೀತಾರೆ. ಆ ದುಡ್ಡು ಇದು. ನಿಮ್ಮ ಯಜಮಾನ್ರು ಕಟ್ಟಿದ ಕಟ್ಟಡದ್ದೂ ಇದ್ರಲ್ಲಿ ಸೇರಿರ್ತದೆ."

1996ರ ಕಾಯ್ದೆ ಅದು, ಆಮೇಲೆ ನಾನೇ ಓದಿ ತಿಳಿದುಕೊಂಡೆ. ಆದರೆ ಆವತ್ತು ಆ ಮಾತು ಕೇಳಿದ ಮೇಲೆ ಅವ್ವ ಸೆರಗು ಸರಿಮಾಡಿಕೊಂಡು ಬೆಂಚಿನ ಮೇಲೆ ನೆಟ್ಟಗೆ ಕೂತಳು. ಅಲ್ಲಿಯವರೆಗೂ ಪ್ರತಿ ಕಚೇರಿಯಲ್ಲೂ ಅವಳು ಬಾಗಿಲ ಪಕ್ಕ ನಿಂತೇ ಇರುತ್ತಿದ್ದಳು. ಬೇಡಲು ಬಂದಿದ್ದೇವೆ ಅಂತ ಅವಳ ಮನಸ್ಸಿನಲ್ಲಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಯಿಂದ ಒಂದು ಕಲ್ಯಾಣ ಮಂಟಪ ತೋರಿಸಿದಳು. "ಇದಕ್ಕೆ ನಿಮ್ಮಪ್ಪ ಮೂರು ತಿಂಗಳು ಪ್ಲಾಸ್ಟರಿಂಗ್ ಮಾಡಿದ್ರು. ಬುತ್ತಿ ನಾನೇ ಕಟ್ಟಿ ಕೊಡ್ತಿದ್ದೆ."

ಆರ್‌ಐ, ಅಂದರೆ ಕಂದಾಯ ನಿರೀಕ್ಷಕರು, ಮನೆಗೆ ಬಂದು ವಿಚಾರಿಸಿ, ಅಕ್ಕಪಕ್ಕದವರ ಹೇಳಿಕೆ ತೆಗೆದುಕೊಂಡು ಹೋದರು. ಆಮೇಲೆ ದೀಪಾವಳಿ ಬಂತು, ಹೋಯ್ತು. ದುಡ್ಡಿನ ಸುದ್ದಿ ಇಲ್ಲ. ಎರಡು ಸಲ ಹೋಗಿ ಕೇಳಿದೆ. ಆಗಿದೆ, ಬರುತ್ತದೆ ಅಂದರು. ಮೂರನೇ ಸಲ ಅರ್ಜಿ ಸಂಖ್ಯೆ ಹಾಕಿ ನೋಡಿದಾಗ ಗೊತ್ತಾಯ್ತು, 5,000 ಮಂಜೂರಾಗಿ ಖಜಾನೆಯಿಂದ ಹೋಗಿದೆ, ಅವ್ವನ ಖಾತೆಗೆ ಬೀಳದೆ ವಾಪಸ್ ಬಂದಿದೆ. ಅವ್ವನದು ಜನಧನ್ ಖಾತೆ. ತೆಗೆದ ಮೇಲೆ ಯಾವತ್ತೂ ದುಡ್ಡು ಹಾಕಿಲ್ಲ, ತೆಗೆದಿಲ್ಲ. ಎರಡು ವರ್ಷ ವ್ಯವಹಾರ ಇಲ್ಲದಿದ್ದರೆ ಖಾತೆ ನಿಷ್ಕ್ರಿಯ ಆಗುತ್ತದೆ ಅಂತ ನಮಗೆ ಹೇಗೆ ಗೊತ್ತಾಗಬೇಕು? ಬ್ಯಾಂಕಿಗೆ ಹೋಗಿ ಆಧಾರ್, ಫೋಟೋ ಕೊಟ್ಟು ಆ ಖಾತೆಗೇ ಇನ್ನೂರು ರೂಪಾಯಿ ಹಾಕಿದೆವು. ಖಾತೆಗೆ ಜೀವ ಬಂತು. ಪಾಸ್‌ಬುಕ್ಕಿನ ಹೊಸ ಜೆರಾಕ್ಸ್ ಮೂರೂ ಕಡೆ ಮತ್ತೆ ಕೊಟ್ಟು ಬಂದೆ. ಅರ್ಜಿ ಹಾಕುವ ಮೊದಲೇ ಬ್ಯಾಂಕಿಗೆ ಹೋಗಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು, ಆ ಎರಡು ತಿಂಗಳ ಬಡ್ಡಿ ಸಾವಿರದ ಇನ್ನೂರೂ ಉಳಿಯುತ್ತಿತ್ತು.

5,000 ಬಂದಿದ್ದು 2019ರ ಜನವರಿಯಲ್ಲಿ. ಸಾವಾಗಿ ಐದು ತಿಂಗಳಾದ ಮೇಲೆ. ಇದನ್ನು ನಾನು ನೋವಿನಿಂದಲೇ ಬರೆಯುತ್ತಿದ್ದೇನೆ. ಹೆಣ ಅಂಗಳದಲ್ಲಿ ಮಲಗಿದ್ದಾಗ ಐದು ಸಾವಿರ ಕೈಯಲ್ಲಿ ಇದ್ದಿದ್ದರೆ ಅಷ್ಟು ಸಾಲ ಕಮ್ಮಿ ಆಗುತ್ತಿತ್ತು. ಗುಂಡಿ ತೆಗೆದವರು ನಾಳೆ ಬನ್ನಿ ಅಂದರೆ ಕೇಳುತ್ತಾರಾ? ಅಂತ್ಯಕ್ರಿಯೆಗೆ ಅಂತ ಕೊಡುವ ಹಣ ಅಂತ್ಯಕ್ರಿಯೆ ದಿನ, ಹೋಗಲಿ ಆ ವಾರದಲ್ಲಾದರೂ ಸಿಗಬೇಕು. ಸಾವಿನ ಸುದ್ದಿ ಊರಿಗೆಲ್ಲ ಗಂಟೆಯೊಳಗೆ ಗೊತ್ತಾಗುತ್ತದೆ. ಪಂಚಾಯ್ತಿ, ಅಂಗನವಾಡಿ, ಆಶಾ ಕಾರ್ಯಕರ್ತೆ ಎಲ್ಲರೂ ಊರಲ್ಲೇ ಇರುತ್ತಾರೆ. ಮನೆ ಬಾಗಿಲಲ್ಲೇ ಅರ್ಜಿ ಬರೆಸಿಕೊಳ್ಳೋದು ಅಷ್ಟು ಕಷ್ಟವಾ?

ಕಾರ್ಮಿಕ ಮಂಡಳಿಯ 54,000 ಏಪ್ರಿಲ್‌ನಲ್ಲಿ ಬಂತು. ಕುಟುಂಬ ಸಹಾಯದ 20,000 ಜೂನ್‌ನಲ್ಲಿ. ವಿಧವಾ ವೇತನ ನಡುವೆ ಎಲ್ಲೋ ಶುರುವಾಗಿತ್ತು. ಇದೆಲ್ಲ ಆವತ್ತಿನ ಲೆಕ್ಕ. ಯೋಜನೆ, ಮೊತ್ತ, ನಿಯಮ ಬದಲಾಗುತ್ತಾ ಇರುತ್ತವೆ, ಹಾಗಾಗಿ ಹೋಗುವ ಮೊದಲು ನಾಡಕಚೇರಿಯಲ್ಲಿ, ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಇವತ್ತು ಏನಿದೆ ಅಂತ ಕೇಳಿಕೊಳ್ಳಿ. ಒಂದು ಕಡೆ ಇಲ್ಲ ಅಂದರೆ ಇನ್ನೊಂದು ಕಡೆ ಕೇಳದೆ ಮನೆಗೆ ಬರಬೇಡಿ.

ಏಪ್ರಿಲ್‌ನಲ್ಲಿ ದುಡ್ಡು ಬಿದ್ದ ಮಾರನೇ ದಿನವೇ ಕೈಸಾಲ ತೀರಿಸಿದೆವು. ಸಂಘದ್ದು ಕಟ್ಟಿದೆವು. ತಮ್ಮನ ಡಿಗ್ರಿ ಫೀಸಿಗೆ ಅಂತ ಒಂದಷ್ಟು ಎತ್ತಿಟ್ಟೆವು. ಆ 54,000ದಲ್ಲಿ 4,000 ಮಾತ್ರ ಅವ್ವ ಬೇರೆ ತೆಗೆದು ಸೀರೆ ಮಡಿಕೆಯಲ್ಲಿ ಇಟ್ಟಿದ್ದಳು. ಅದು ಮಣ್ಣಿನ ಖರ್ಚಿಗೆ ಅಂತಲೇ ಬಂದಿದ್ದು, ಅದಕ್ಕೇ ಹೋಗಬೇಕು ಅನ್ನುವುದು ಅವಳ ಹಟ.

ಮೇ ತಿಂಗಳಲ್ಲಿ, ಮುಂಗಾರು ಹಿಡಿಯುವ ಮುಂಚೆ, ಮೇಸ್ತ್ರಿ ಮಾವ ಒಂದು ಭಾನುವಾರ ಬಂದರು. ಹಿಂದಿನ ಮಳೆಗೆ ಗುಂಡಿ ಮೇಲಿನ ಮಣ್ಣು ಕುಸಿದು ತಗ್ಗಾಗಿತ್ತು. ಮಣ್ಣು ತುಂಬಿ, ಸುತ್ತ ಇಟ್ಟಿಗೆ ಕಟ್ಟಿ, ಮೇಲೆ ಗಾರೆ ಹಾಕಿದರು. ಕಲಸಿದ್ದು ಅದೇ ಬಾಂಡ್ಲಿಯಲ್ಲಿ, ತೀಡಿದ್ದು ಅಪ್ಪನ ಕರಣೆಯಲ್ಲೇ. ತಮ್ಮ ನೀರು ಹೊತ್ತು ತಂದ. ಇಟ್ಟಿಗೆ, ಸಿಮೆಂಟು, ಮರಳಿಗೆ ಅವ್ವನ 4,000 ಆಯ್ತು. ಕೂಲಿ ಕೊಡಲು ಹೋದರೆ ಮಾವ ಕೈ ಹಿಂದಕ್ಕೆ ಕಟ್ಟಿಕೊಂಡರು.

ಕಾಫಿ ಕುಡಿಯುವಾಗ ಸುಮ್ಮನೆ ಕೇಳಿದೆ. "ಮಾವ, ನಿಮ್ಮ ಕಾರ್ಡು ಚಾಲ್ತೀಲಿ ಇದೆಯಾ?"

"ಎಲ್ಲಿ ಕಣವ್ವ. ಹೋದ ವರ್ಷವೇ ಮುಗೀತು. ಒಂದಿನದ ಕೆಲಸ ಬಿಟ್ಟು ಹೋಗ್ಬೇಕಲ್ಲ."

ಸೋಮವಾರ ನಾನು ಇನ್ನೊಂದು ರಜೆ ಹಾಕಿದೆ. ಬೆಳಗ್ಗೆ ಎಂಟೂವರೆ ಬಸ್ಸಿಗೆ ಮಾವನ ಕಾರ್ಡು, ಆಧಾರ್, ಎರಡು ಫೋಟೋ ಅದೇ ಕೆಂಪು ಕವರಿಗೆ ಹಾಕಿಕೊಂಡು ಇಬ್ಬರೂ ಹೊರಟೆವು.